ಬೀಬಿಯನ್ನು ಕೇಳಿ ಇಳಿದವರು

ನಾನು ಹುನಗುಂದದ ಖಾಜಾಸಾಬ. ಮೀಸೆ ಮೂಡುವ ಹೊತ್ತಿಗೆ ಹಗೇವು ಇಳಿಯಲು ಸುರು ಮಾಡಿದವನು ಹಲ್ಲು ಬೀಳುವ ತನಕ ಇಳಿದೆ. ಈಗ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಕಟ್ಟೆಯ ಮೇಲೆ ಕೂತು ಹೋಗುವವರನ್ನೂ ಬರುವವರನ್ನೂ ಮಾತಾಡಿಸುವುದಷ್ಟೇ ಉಳಿದಿರುವ ಕೆಲಸ. ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು. ಅದನ್ನು ಇವತ್ತು ದುಡಿಸುತ್ತಿದ್ದೇನೆ.

ಹಗೇವು ಎಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಒಬ್ಬ ಆಳಿನ ಭುಜ ಹಿಡಿಯುವಷ್ಟು ಬಾಯಿ, ಅದರ ಕೆಳಗೆ ಎರಡು ಮೂರು ಮೊಳ ಕುತ್ತಿಗೆ, ಆಮೇಲೆ ಗಡಿಗೆಯ ಹಾಗೆ ಅಗಲವಾಗುವ ಹೊಟ್ಟೆ. ಗೋಡೆಗೆಲ್ಲ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಜೋಳ ಒಳಗಿನ ಗಾಳಿಯನ್ನು ಕೆಡಿಸಿಬಿಡುತ್ತದೆ. ನಾವು ಅದಕ್ಕೆ ‘ಹಗೇವಿನ ಉಸಿರು’ ಎನ್ನುತ್ತೇವೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದರೊಳಗೆ ಇಳಿದವನು ಕೂಗುವಷ್ಟು ಹೊತ್ತೂ ಇರುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರು ನನ್ನ ಕಟ್ಟೆಯ ಮುಂದೆ ನಿಂತು, “ಖಾಜಾಸಾಬರ, ಹಗೇವು ಹೆಂಗ ಇಳೀಬೇಕ್ರಿ?” ಎಂದು ಕೇಳುತ್ತಾರೆ. ಇಳಿಯುವುದೇನು, ಹಗ್ಗ ಇದ್ದರೆ ಯಾರಾದರೂ ಇಳಿಯುತ್ತಾರೆ. ಯಾವಾಗ ಇಳಿಯಬಾರದು ಎಂಬುದು ನನಗೆ ತಿಳಿದು, ಅದನ್ನು ಬಾಯಿ ಬಿಟ್ಟು ಹೇಳಲು ಇಬ್ಬರು ಸಾಯಬೇಕಾಯಿತು. ಅವರಲ್ಲಿ ಒಬ್ಬ ನನ್ನ ಹೆಂಡತಿಯ ತಮ್ಮ ಮೌಲಾ. ಅವನಿಗೆ ‘ಇಳಿ’ ಎಂದವನು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಕೊನೆಗೆ ತೆಗೆದು ತೋರಿಸುವ ಮಾತಲ್ಲ ಅದು.

ನನಗೆ ಕೆಲಸ ಕಲಿಸಿದವರು ದಾವಲಸಾಬ. ನನ್ನ ತಾಯಿಯ ಅಣ್ಣ, ಆಮೇಲೆ ನನ್ನ ಮಾವ. ನಾನು ಕೊನೆಯವರೆಗೂ ಮಾಮು ಎಂದೇ ಕರೆದೆ. ಮಗ ಮೌಲಾ, ಮಗಳು ಹುಸೇನಬಿ, ಅಳಿಯ ನಾನು, ಇಷ್ಟೇ ಅವರ ಸಂಸಾರ. ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಯಾರ ಹಗೇವು ತೆಗೆಯಬೇಕಾದರೂ ಮಾಮುವಿಗೆ ಹೇಳಿಕಳಿಸುತ್ತಿದ್ದರು. ಮನೆಯೊಳಗೆ ನಮ್ಮ ಮಾತು ಉರ್ದು. ಕೆಲಸದ ಮಾತು ಮಾತ್ರ ಮನೆಯಲ್ಲೂ ಕನ್ನಡದಲ್ಲೇ ನಡೆಯುತ್ತಿತ್ತು. ಹಗೇವಿನ ಬಾಯಲ್ಲಿ ಮಾಮು ಉರ್ದು ಆಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಅದು ಮೌಲಾನ ಹೆಸರು ಹಿಡಿದು ಅತ್ತಾಗ.

ಒಳಗಿನ ಗಾಳಿ ಹೇಗಿದೆ ಎಂದು ನೋಡಲು ನಮ್ಮ ಮನೆತನದವರು ಹಗೇವಿಗೆ ದೀಪ ತೋರಿಸುತ್ತಿರಲಿಲ್ಲ. ಮಾಮುವಿನ ತಂದೆಯ ಕಾಲದಲ್ಲಿ ತುಳಸಿಗೇರಿಯಲ್ಲಿ ಯಾರೋ ಹಣತೆ ಇಳಿಬಿಟ್ಟು, ಹುಲ್ಲಿಗೆ ಕಿಡಿ ತಾಕಿ, ಜೋಳವೆಲ್ಲ ನೆಲದೊಳಗೇ ಮೂರು ದಿನ ಹೊಗೆಯಾಡಿತಂತೆ. ಅಂದಿನಿಂದ ಬೆಂಕಿ ಬೇಡ ಎಂದಾಯಿತು. ನಾವು ಕೇಳುತ್ತಿದ್ದದ್ದು ಜೇಡವನ್ನು.

ಹಗೇವಿನ ಕುತ್ತಿಗೆಯಲ್ಲಿ ಒಂದು ಜೇಡ ಇರುತ್ತದೆ. ಎಳ್ಳುಕಾಳಿನಷ್ಟು ಮೈ, ಕೂದಲಿನಂಥ ಉದ್ದ ಕಾಲು. ಅಂಕುಡೊಂಕಾದ ಬಲೆಯಲ್ಲಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಮುಟ್ಟಿದರೆ ಓಡುವುದಿಲ್ಲ, ಇದ್ದಲ್ಲೇ ಗರಗರ ಕುಣಿಯುತ್ತದೆ, ಕಣ್ಣಿಗೆ ಬರೀ ಮಬ್ಬು ಕಾಣುವಷ್ಟು. ಹೊಲದವರು ಅದಕ್ಕೆ ನಡುಗವ್ವ ಎನ್ನುತ್ತಾರೆ. ನಾವು ಬೀಬಿ ಎನ್ನುತ್ತಿದ್ದೆವು. ಒಂದು ಬಿದಿರಿನ ತುದಿಗೆ ನವಿಲುಗರಿಯ ಎಳೆ ಕಟ್ಟಿದ ಕೋಲು ನಮ್ಮಲ್ಲಿತ್ತು. ಅದಕ್ಕೆ ಕೇಳುಕೋಲು ಎಂದು ಹೆಸರು. ಆ ಎಳೆಯಿಂದ ಬಲೆ ಮುಟ್ಟಿ ಮಾಮು ಮೆಲ್ಲಗೆ, “ಬೀಬಿ, ಉಸಿರು ಐತೇನವಾ?” ಎಂದು ಕೇಳುತ್ತಿದ್ದರು. ಕುಣಿದರೆ ಇಳಿಯಬಹುದು. ಜೋತುಬಿದ್ದರೆ ಕಾಯಬೇಕು.

ನೀವು ನಗಬಹುದು. ನಮ್ಮವರಿಗೆ ಅದು ನಗೆಯ ಮಾತಾಗಿರಲಿಲ್ಲ. ಹಿಂದೆ ಪೈಗಂಬರರು ಶತ್ರುಗಳಿಂದ ತಪ್ಪಿಸಿಕೊಂಡು ಗವಿಯಲ್ಲಿ ಕೂತಾಗ ಅದರ ಬಾಯಿಗೆ ಬಲೆ ಹೆಣೆದು ಉಳಿಸಿದ್ದು ಜೇಡ. ನಮ್ಮ ಮನೆಗಳಲ್ಲಿ ಕಸ ಹೊಡೆಯುವಾಗಲೂ ಜೇಡವನ್ನು ಕೊಲ್ಲುವುದಿಲ್ಲ. ನೆಲದ ಬಾಯಲ್ಲಿ ಕೂತ ಜೇಡ ನಮಗೆ ಮೋಸ ಮಾಡುವುದಿಲ್ಲ ಎಂಬುದು ಮಾಮುವಿನ ನಂಬಿಕೆ, ನಂಬಿಕೆಗಿಂತ ಹೆಚ್ಚಾಗಿ ಅಭಿಮಾನ. ನಾನೂ ಹಾಗೇ ನಂಬಿದ್ದೆ.

ಅವರ ಪದ್ಧತಿ ಇಷ್ಟು. ಚಪ್ಪಡಿ ಸರಿಸಬೇಕು. ಬೇವಿನ ತೊಪ್ಪಲಿನ ಕಟ್ಟು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ ಆಡಿಸಬೇಕು. ಆಗ ತಾನೇ ತೆರೆದ ಹಗೇವಿನ ಕುತ್ತಿಗೆಯಲ್ಲಿ ಜೀವಂತ ಬೀಬಿ ಇರುವುದಿಲ್ಲ. ಆದ್ದರಿಂದ ಚಪ್ಪಡಿಯ ಸಂದಿಯಿಂದಲೋ ಹತ್ತಿರದ ಕಲ್ಲಿನಿಂದಲೋ ಒಬ್ಬಳು ಬಂದು ಬಲೆ ಕಟ್ಟುವ ತನಕ ಕಾಯಬೇಕು. ಒಂದು ದಿನವಾಗಲಿ, ಎರಡು ದಿನವಾಗಲಿ. ಬಂದ ಮೇಲೆ ಕೇಳಬೇಕು, ಕುಣಿದರೆ ಇಳಿಯಬೇಕು, ಇಳಿದ ದಿನವೇ ಜೋಳವನ್ನೆಲ್ಲ ಎತ್ತಿ ಮುಗಿಸಬೇಕು. ಅರ್ಧ ಬಿಟ್ಟು ಏಳಬಾರದು. ಯಾಕೆ ಎಂದು ನಾನು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅವರ ತಂದೆ ಹಾಗೆ ಮಾಡಿದ್ದರು.

ಕಲಿಯುವ ದಿನಗಳಲ್ಲಿ ನಾನು ಮಾಡಿದ ಒಂದು ದಡ್ಡತನ ಹೇಳುತ್ತೇನೆ. ಇಳಕಲ್ಲಿನಲ್ಲಿ ನೀಲವ್ವ ಎಂಬ ನೇಕಾರ ಹೆಂಗಸಿನ ಮನೆ. ಅಲ್ಲಿಯ ಮಗ್ಗಗಳು ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ನೇಯುತ್ತಾರೆ. ಆ ಕುಣಿಯ ಗೋಡೆಯಲ್ಲಿ ಒಂದು ಕದದ ಜೇಡ ಮನೆ ಮಾಡಿತ್ತು. ಇದು ಬಿಲ ತೋಡಿ, ಬಾಯಿಗೆ ಮಣ್ಣಿನದೇ ಒಂದು ಕದ ಮಾಡಿ, ಅದಕ್ಕೆ ನೂಲಿನ ತಿರುಗಣಿ ಹಚ್ಚಿ ಒಳಗೆ ಕೂಡುತ್ತದೆ. ಹುಳ ಹತ್ತಿರ ಬಂದರೆ ಕದ ತೆರೆದು ಹಿಡಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಕದ ಮುಚ್ಚಿದರೆ ಗೋಡೆಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

“ಕಾಲ ಹತ್ರಾನ ಬಾಗಲಾ ತಗದು ಇಣಕತೈತ್ರಿ ಅದು. ಜೀವ ಹೊಡ್ಕೋತೈತಿ ನಂದು,” ಎಂದಳು ನೀಲವ್ವ. ಮಾಮು, “ಅಕಿನೂ ನಿನ್ನಂಗ ಕುಣ್ಯಾಗ ಕುಂತು ನೂಲೋ ಹೆಣ್ಮಗಳು. ಇರಲಿ ಬಿಡು,” ಎಂದು ನಕ್ಕು ಹೊರಗೆ ಹೋದರು. ನಾನು ಶಾಣ್ಯಾ ಅನಿಸಿಕೊಳ್ಳಬೇಕೆಂದು ಆ ಕದದ ಮೇಲೆ ಅಂಗೈದಪ್ಪ ಸುಣ್ಣದ ಗಾರೆ ಮೆತ್ತಿಬಿಟ್ಟೆ.

ಒಂದು ತಿಂಗಳಿಗೆ ನೀಲವ್ವ ಹುನಗುಂದದ ಸಂತೆಯಲ್ಲಿ ನಮ್ಮನ್ನು ಹುಡುಕಿಕೊಂಡು ಬಂದಳು. ಕುಣಿಯಲ್ಲಿ ಜಿರಲೆ ಹೊಕ್ಕು ಗಂಜಿ ಹಾಕಿದ ನೂಲನ್ನೆಲ್ಲ ಕಡಿದು ಹಾಕಿದ್ದವು. “ನಮ್ಮವ್ವನ್ನ ನಮಗ ತಂದು ಕೊಡ್ರೆಪಾ. ಇಣಕಿದ್ರ ಇಣಕಲಿ,” ಎಂದು ಕೈಮುಗಿದಳು. ಮಾಮು ಅವಳೆದುರಿಗೇ ನನ್ನ ಕಿವಿ ಹಿಂಡಿದರು. “ನೆಲದಾಗ ಯಾರು ಎಲ್ಲಿ ಕುಂತಾರ, ಯಾಕ ಕುಂತಾರ, ಅದು ತಿಳೀದ ಕೈ ಹಚ್ಚಬ್ಯಾಡ ಲೇ.” ಆ ಮಾತನ್ನು ಆಗ ಅವರೂ ಪೂರ್ತಿ ತಿಳಿದಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ.

ಮೇಲಿನವರ ಬಗ್ಗೆ ಹೇಳುವುದಾದರೆ, ನಾನು ಕಂಡ ಅಧಿಕಾರದವರಲ್ಲಿ ಅತಿ ಕೆಟ್ಟ ಬಾಯಿಯವರು ಗುಂಡೋಪಂತರು. ಬದಾಮಿಯಲ್ಲಿ ಹಿರಿಯ ಕಾರಕೂನರಾಗಿದ್ದರು. ಅಲ್ಲಿ ಒಂದು ಹಗೇವು ತೆಗೆಯುವಾಗ ಅವರು ಗಾಜಿನ ಬುರುಡೆಯ ಹೊಸ ಕಂದೀಲು ಹಿಡಿದು ನೋಡಲು ಬಂದರು. ಆಗ ನಮ್ಮ ಕಡೆಗೆ ಕಂದೀಲು ಹೊಸದು.

“ಇದನ್ನ ಇಳಿಬಿಡು, ದಾವಲಾ. ಬೆಂಕಿ ಗಾಜಿನ್ಯಾಗ ಐತಿ, ಹುಲ್ಲಿಗಿ ಹತ್ತೂದಿಲ್ಲ. ಆರಿದ್ರ ಇಳೀಬ್ಯಾಡ, ಉರದ್ರ ಇಳಿ.”

“ನಮ್ಮ ಬೀಬಿ ಅದಾಳ್ರಿ, ರಾಯರ.”

“ಹುಳದ ಮಾತು ಕೇಳಿ ಕುಣ್ಯಾಗ ಬೀಳೋ ಮಂದಿ ನೀವು!” ಎಂದು ಪಂತರು ಕಂದೀಲು ಎತ್ತಿಕೊಂಡು ಹೋದರು. ಅವತ್ತು ದಾರಿಯುದ್ದಕ್ಕೂ ನಾನೂ ಮೌಲಾನೂ ಅವರ ನಡಿಗೆಯನ್ನು ಅಣಕಿಸಿ ನಕ್ಕಿದ್ದೇ ನಕ್ಕಿದ್ದು. ಮೌಲಾ ಅಣಕಿಸುವುದರಲ್ಲಿ ಜಾಣ. ಅವನ ನಗೆ ಮೂಗಿನಿಂದ ಸುರುವಾಗುತ್ತಿತ್ತು. ಇಂಥ ಸಣ್ಣ ಸಂಗತಿಗಳು ಈಗ ನನಗೆ ಬಹಳ ನೆನಪಾಗುತ್ತವೆ.

ಪ್ಲೇಗು ಬಂದ ವರ್ಷಗಳನ್ನು ಕಂಡವರು ಇನ್ನೂ ಇದ್ದಾರೆ. ಇಲಿ ಬಿದ್ದ ಕೂಡಲೇ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ಹುನಗುಂದದಿಂದ ಎರಡು ಹರದಾರಿ ದೂರದ ಒಂದು ಹಳ್ಳಿ. ಹೆಸರು ಬೇಡ, ಅವರದೇನೂ ತಪ್ಪಿರಲಿಲ್ಲ. ಊರು ಬಿಡುವ ಅವಸರದಲ್ಲಿ ಅವರು ತಾವೇ ಹಗೇವು ತೆರೆದು, ಕೈಗೆ ಸಿಕ್ಕಷ್ಟು ಜೋಳ ಎತ್ತಿಕೊಂಡು, ಚಪ್ಪಡಿಯನ್ನು ಓರೆಯಾಗಿ ಎಳೆದು ಓಡಿಹೋಗಿದ್ದರು. ಮಣ್ಣು ಮೆತ್ತಲು ಯಾರಿಗೂ ವ್ಯವಧಾನ ಇರಲಿಲ್ಲ. ಅದರ ಮೇಲೆ ಎರಡು ಮಳೆ ಬಿದ್ದವು. ಗುಡಿಸಲುಗಳಲ್ಲಿ ಕಾಳು ಮುಗಿದಾಗ ಮಾಮುವಿಗೆ ಕರೆ ಬಂತು. ಮಾಮುವಿಗೆ ಜ್ವರ, ಅವರನ್ನು ಬೇರೆ ಗುಡಿಸಲಿನಲ್ಲಿ ಇಟ್ಟಿದ್ದೆವು. ನಾನೂ ಮೌಲಾನೂ ಹೊರಟೆವು.

ಹೊರಡುವಾಗ ಮಾಮು ಒಳಗಿನಿಂದಲೇ ಕೂಗಿದರು. “ಖಾಜಾ, ಕೇಳದ ಇಳಸಬ್ಯಾಡ.”

“ಕೇಳ್ತೇನ್ರಿ, ಮಾಮು.”

ನಾವು ಮುಟ್ಟಿದಾಗ ಬಿಸಿಲು ಏರಿತ್ತು. ಹೊಲದ ಕಡೆಯಿಂದ ಹತ್ತು ಹನ್ನೆರಡು ಮಂದಿ ಚೀಲ ಹಿಡಿದು ಬಂದಿದ್ದರು. ಬೆಳಗಿನಿಂದ ಮಕ್ಕಳಿಗೆ ಏನೂ ಕೊಟ್ಟಿಲ್ಲ ಎಂದು ಒಬ್ಬ ಹೆಣ್ಣುಮಗಳು ಹೇಳಿದಳು. ಚಪ್ಪಡಿ ಸರಿಸಿದೆವು. ಕುತ್ತಿಗೆಯಲ್ಲಿ ಬೀಬಿ ಆಗಲೇ ಇದ್ದಳು. ಒಬ್ಬಳಲ್ಲ, ಮೂವರು. ಹೊಸ ಬಲೆ, ಅದರಲ್ಲಿ ಸಿಕ್ಕ ಸೊಳ್ಳೆ ಇನ್ನೂ ಒದ್ದಾಡುತ್ತಿತ್ತು.

ಬಲೆ ಹರಿಯದಿರಲೆಂದು ತೊಪ್ಪಲು ಆಡಿಸದೆ ನಾನು ಕೇಳುಕೋಲು ಇಳಿಸಿ ಮುಟ್ಟಿದೆ. ಬೀಬಿ ಕುಣಿದಳು. ಇನ್ನೊಬ್ಬಳನ್ನು ಮುಟ್ಟಿದೆ. ಅವಳೂ ಕುಣಿದಳು.

“ಏನಂತಾಳೋ?” ಎಂದು ಮೌಲಾ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ ಕೇಳಿದ.

“ಕುಣ್ಯಾಕತ್ತಾಳ. ಇಳಿ.”

“ಇವತ್ತ ಕಾಯೂದು ತಪ್ಪಿತು ನೋಡು. ಶಾಣ್ಯಾಕಿ, ನಮಗಿಂತ ಮೊದಲ ಬಂದು ಕುಂತಾಳ,” ಎಂದು ಅವನು ಮೂಗಿನಲ್ಲಿ ನಕ್ಕು ಇಳಿದ.

ಹಗ್ಗ ಕುತ್ತಿಗೆಯನ್ನು ದಾಟಿತು. “ಜೋಳ ತೊಯ್ದೈತಿ ಲೇ,” ಎಂದದ್ದು ಕೇಳಿಸಿತು. ಆಮೇಲೆ, “ಖಾ” ಎಂದ. ನನ್ನ ಹೆಸರನ್ನು ಪೂರ್ತಿ ಮಾಡಲಿಲ್ಲ. ಎಳೆದೆವು. ಅವನ ಮೈ ಅಡ್ಡಲಾಗಿ ಹಗೇವಿನ ಕುತ್ತಿಗೆಗೆ ಸಿಕ್ಕಿಕೊಂಡಿತು. ನಾನು ಧುಮುಕಲು ಹೋದಾಗ ನಾಲ್ಕು ಮಂದಿ ನನ್ನ ತೋಳು ಹಿಡಿದರು. ಬಿಡಿ ಎಂದು ಅವರನ್ನು ಕಚ್ಚಿದೆ. ಅವನನ್ನು ಹೊರಗೆ ತಂದಾಗ ಮುಖದ ಮೇಲೆಲ್ಲ ಬೀಬಿಯ ಬಲೆ ಮೆತ್ತಿಕೊಂಡಿತ್ತು. ಒಂದು ಬೀಬಿ ಅವನ ಹುಬ್ಬಿನ ಮೇಲೆ ಜೀವಂತ ನಡೆಯುತ್ತಿತ್ತು. ಅವನು ಸತ್ತಿದ್ದ.

ಪಂಚನಾಮೆಗೆ ಬಂದವರು ಗುಂಡೋಪಂತರೇ. ಆಗ ಹುನಗುಂದಕ್ಕೆ ವರ್ಗವಾಗಿ ಬಂದಿದ್ದರು. ಇಳಿಸುವ ಮೊದಲು ಏನು ನೋಡಿದೆ ಎಂದು ಕೇಳಿದರು. ಬೀಬಿಯನ್ನು ಕೇಳಿದೆ ಎಂದೆ. ಪಂತರು ಲೆಕ್ಕಣಿಕೆ ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಎದ್ದು ಹೋಗಿ ಆ ಕಂದೀಲು ತಂದು ನನ್ನ ಮುಂದೆ ಇಟ್ಟರು. “ತಗೊಂಡು ಹೋಗು. ನಾ ಅವತ್ತ ಸಿಟ್ಟಿಗೇಳಬಾರದಿತ್ತು. ಇದನ್ನ ನಿಮ್ಮ ಹತ್ರ ಬಿಟ್ಟು ಹೋಗಬೇಕಿತ್ತು,” ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ನನಗೆ ಇನ್ನಷ್ಟು ನಾಚಿಕೆಯಾಯಿತು.

ಮಾಮು ಜ್ವರದಿಂದ ಎದ್ದರು. ಎದ್ದ ದಿನ ಅವರನ್ನು ಆ ಹಗೇವಿನ ಹತ್ತಿರ ಕರೆದುಕೊಂಡು ಹೋದೆವು. ಅಲ್ಲಿ ಕೂತು ಮಗನ ಹೆಸರು ಹಿಡಿದು ಉರ್ದುವಿನಲ್ಲಿ ಅತ್ತರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. “ನೀ ಕೇಳಿಲ್ಲ.”

ನಾನು ಬಾಯಿ ತೆರೆದೆ. ಹಿಂದೆ ನಿಂತಿದ್ದ ಹುಸೇನಬಿ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. ಮನೆಗೆ ಬಂದ ಮೇಲೆ ಅವಳಿಗೆ ನಡೆದದ್ದೆಲ್ಲ ಹೇಳಿದೆ. ಬೀಬಿ ಕುಣಿದದ್ದನ್ನು ಎರಡು ಸಲ ಹೇಳಿಸಿ ಕೇಳಿದಳು. ತಮ್ಮನನ್ನು ಕಳೆದುಕೊಂಡವಳು ಅವಳು. ಆದರೂ ಯೋಚಿಸಿದ್ದು ತಂದೆಯನ್ನು.

“ನೀವು ಕೇಳಿದ್ದು ಖರೆ ಅಂತ ತಿಳದ್ರ, ತಾನು ಕಲಿಸಿದ ವಿದ್ಯಾನ ಮಗನ್ನ ತಿಂತು ಅಂತ ಅಬ್ಬಾಗ ತಿಳೀತೈತಿ. ಅವರು ಉಳಿಯೂದಿಲ್ಲ. ನಿಮ್ಮ ಮ್ಯಾಲ ಸಿಟ್ಟಿದ್ರ ಇರಲಿ. ಸಿಟ್ಟಿನ ಮ್ಯಾಲರೆ ಬದುಕ್ತಾರ.”

ಅವಳು ಹೇಳಿದ ಹಾಗೇ ಆಗಲಿ ಎಂದೆ. ಮಾಮು ಆಮೇಲೆ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಒಂದೇ ಮನೆಯಲ್ಲಿದ್ದೂ ನನ್ನ ಜೊತೆ ಒಂದೇ ತಾಟಿನಲ್ಲಿ ಉಣ್ಣಲಿಲ್ಲ. ಏನಾದರೂ ಬೇಕಾದರೆ ಮಗಳಿಗೆ, “ಅವಗ ಹೇಳು,” ಎನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು.

ಆ ವರ್ಷಗಳಲ್ಲಿ ನಾನು ಹಗೇವು ಇಳಿಯುವುದನ್ನು ಬಿಡಲಿಲ್ಲ, ಬೇರೆ ಕೆಲಸ ಬರುತ್ತಿರಲಿಲ್ಲ. ಕಂದೀಲನ್ನು ಚೀಲದಲ್ಲಿ ಮುಚ್ಚಿ ಒಯ್ಯುತ್ತಿದ್ದೆ. ಹೋದಲ್ಲೆಲ್ಲ ಮೊದಲು ಬೀಬಿಯನ್ನು ಕೇಳಿ, ಆಮೇಲೆ ಕಂದೀಲು ಇಳಿಸಿ, ಎರಡೂ ಏನು ಹೇಳುತ್ತವೆ ಎಂದು ಹೊಂದಿಸಿ ನೋಡುತ್ತಿದ್ದೆ. ನೆಲದೊಳಗೆ ಯಾರು ಎಲ್ಲಿ ಕೂತಿದ್ದಾರೆ, ಯಾಕೆ ಕೂತಿದ್ದಾರೆ ಎಂದು ಆಗ ಕಲಿತೆ. ಕಿವಿ ಹಿಂಡಿ ಹೇಳಿದವರು ನನ್ನ ಜೊತೆ ಮಾತು ಬಿಟ್ಟ ಮೇಲೆ.

ಬೀಬಿ ಕುತ್ತಿಗೆಯವಳು. ಬಾಯಿಂದ ಬರುವ ಸೊಳ್ಳೆ, ಜೋಳದಿಂದ ಏಳುವ ನುಸಿಯ ಪತಂಗ, ಎರಡೂ ಅಲ್ಲೇ ಸಿಗುವುದರಿಂದ ಅಲ್ಲೇ ಬಲೆ ಕಟ್ಟುತ್ತಾಳೆ. ಅವಳಿಗಿಂತ ಸ್ವಲ್ಪ ಕೆಳಗೆ, ಹುಲ್ಲು ಸುರುವಾಗುವಲ್ಲಿ, ಚಪ್ಪಟೆ ಮೈಯ ದೊಡ್ಡ ಜೇಡ ಜಿರಲೆಯ ಬೆನ್ನು ಹತ್ತಿ ಓಡುತ್ತದೆ. ಕದದ ಜೇಡ ಮೇಲಿನ ಹಸಿಮಣ್ಣಿನಲ್ಲಿ. ಹೊಟ್ಟೆಯ ತಳದಲ್ಲಿ ಯಾರೂ ಇಲ್ಲ. ಹಗೇವು ಮುಚ್ಚಿದಾಗ ಒಳಗೆ ಸಿಕ್ಕವು ಉಸಿರು ಕೆಡುತ್ತಿದ್ದಂತೆ ಮೇಲೆ ಹತ್ತಲು ನೋಡುತ್ತವೆ. ದಾರಿ ಸಿಗದವು ಜೋಳದ ಮೇಲೆ ಬಿದ್ದು ಒಣಗುತ್ತವೆ. ಪಟ್ಟದಕಲ್ಲಿನಲ್ಲಿ ಒಂದು ಹಗೇವಿನಲ್ಲಿ ಸತ್ತ ಬೀಬಿಯನ್ನು ಕಂಡೆ. ತತ್ತಿಯ ಗಂಟನ್ನು ಬಾಯಲ್ಲಿ ಕಚ್ಚಿಕೊಂಡೇ ಬಿದ್ದಿದ್ದಳು. ಅದನ್ನು ಅಂಗೈಯಲ್ಲಿ ಹಿಡಿದು ನಾನು ಅತ್ತುಬಿಟ್ಟೆ. ಜೊತೆಯವರು ಕಣ್ಣಿಗೆ ಧೂಳು ಹೋಯಿತೇನ್ರಿ ಎಂದು ಕೇಳಿದರು.

ಹಗೇವಿನ ಉಸಿರು ಭಾರ. ಅದು ತಳದಲ್ಲಿ ನಿಲ್ಲುತ್ತದೆ, ನೀರು ನಿಂತ ಹಾಗೆ. ಮಣ್ಣು ಮೆತ್ತಿದ ಹಗೇವಿನಲ್ಲಿ ಅದು ಬಾಯಿಯವರೆಗೂ ತುಂಬಿರುವುದರಿಂದ ಅಲ್ಲಿ ಬೀಬಿ ಬದುಕುವುದಿಲ್ಲ. ತೆರೆದ ಮೇಲೆ ಹೊಸಬಳು ಬಂದು ಬಲೆ ಕಟ್ಟಲು ದಿನ ಹಿಡಿಯುತ್ತದೆ. ಅಷ್ಟರಲ್ಲಿ, ತೊಪ್ಪಲು ಆಡಿಸಿದ್ದಕ್ಕೂ ಕಾದದ್ದಕ್ಕೂ, ತಳದ ಗಾಳಿಯೂ ತಿಳಿಯಾಗಿರುತ್ತದೆ. ನಮ್ಮ ಹಿರಿಯರನ್ನು ಉಳಿಸಿದ್ದು ಬೀಬಿಯ ಕುಣಿತವಲ್ಲ, ಅವಳಿಗಾಗಿ ಕಾದ ಆ ಒಂದು ದಿನ. ಆದರೆ ಅರ್ಧ ತೆಗೆದು ಚಪ್ಪಡಿ ಓರೆ ಬಿಟ್ಟ ಹಗೇವಿನಲ್ಲಿ ಕುತ್ತಿಗೆಗೆ ಒಳ್ಳೆ ಗಾಳಿ, ತಳಕ್ಕೆ ಕೆಟ್ಟ ಉಸಿರು. ಬೀಬಿ ಮೊದಲೇ ಅಲ್ಲಿರುತ್ತಾಳೆ, ಮುಟ್ಟಿದರೆ ಕುಣಿಯುತ್ತಾಳೆ. ಅವಳು ಸುಳ್ಳು ಹೇಳುವುದಿಲ್ಲ. ತಾನಿದ್ದಲ್ಲಿ ಉಸಿರಿದೆ ಎನ್ನುತ್ತಾಳೆ, ಅಷ್ಟೇ. ಮೌಲಾ ಹೋದದ್ದು ಅವಳಿಗಿಂತ ಎರಡಾಳು ಕೆಳಗೆ.

ಇಷ್ಟು ತಿಳಿದೂ ನಾನು ಬಾಯಿ ಬಿಡಲಿಲ್ಲ. ಮಾಮುವಿನ ಕೈಯಲ್ಲಿ ಕಲಿತವರು ಏಳೆಂಟು ಮಂದಿ ಇದ್ದರು. ಅವರಿಗೆ ಹೇಳಿದರೆ ಸುದ್ದಿ ಮನೆಗೆ ಬರುತ್ತದೆ ಎಂದು ಹೆದರಿದೆ. ಅವರೆಲ್ಲ ಹಳೇ ಪದ್ಧತಿಯವರು, ಹಗೇವು ಅರ್ಧ ಬಿಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಬ್ಬ ಮುದುಕನನ್ನು ಉಳಿಸಿಕೊಳ್ಳಲು ಏಳೆಂಟು ಮಂದಿಯನ್ನು ಹಗ್ಗದ ಮೇಲೆ ಬಿಟ್ಟಿದ್ದೆ. ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು, ಮೌಲಾನಿಗೆ ‘ಇಳಿ’ ಎಂದದ್ದಕ್ಕಿಂತ ದೊಡ್ಡದು. ಅಂದು ನನಗೆ ಗೊತ್ತಿರಲಿಲ್ಲ. ಇಲ್ಲಿ ಗೊತ್ತಿತ್ತು.

ರಾಮಥಾಳದ ಯಮನಪ್ಪ ಮಾಮುವಿನ ಹತ್ತಿರ ಕಲಿತವನು. ಗಟ್ಟಿ ಆಳು, ಮಾತು ಕಡಿಮೆ. ಮದುವೆಯ ಅಡುಗೆಗೆಂದು ಯಾರೋ ಅರ್ಧ ತೆಗೆದು ಬಿಟ್ಟಿದ್ದ ಹಗೇವಿಗೆ ಇಳಿದು ಸತ್ತ. ಸುದ್ದಿ ಕೇಳಿ ಹೋದೆ. ಅವನ ಹೆಂಡತಿ ದುರಗವ್ವ ಗಂಡನ ಕೇಳುಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು.

“ಕೇಳದ ಇಳದಾನು ಅಂತ ಮಂದಿ ಅಂತಾರ್ರಿ, ಖಾಜಾಸಾಬರ. ಸುಳ್ಳು. ನಾನ ಬಾಜೂಕ ನಿಂತಿದ್ದೆ. ಕೇಳಿದ್ರು. ಅದು ಕುಣೀತು. ನಾ ಕಣ್ಣಾರೆ ಕಂಡೇನಿ. ನೀವರೆ ನಂಬ್ರಿ.”

“ನಂಬ್ತೇನವಾ,” ಎಂದೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮನೆಗೆ ಬಂದಾಗ ಮಾಮುವಿಗೆ ಸುದ್ದಿ ಮುಟ್ಟಿತ್ತು. ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದು ಹತ್ತಿರದ್ದೂ ಕಾಣುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಮಗಳಿಗೆ ಹೇಳುತ್ತಿದ್ದರು. “ಅವನೂ ಕೇಳಿರಾಕಿಲ್ಲ. ಇವನಂಗ.”

ಹುಸೇನಬಿ ನನ್ನ ಕಡೆ ನೋಡಿದಳು. ಈ ಸಲ ಅಂಗಿಯ ತುದಿ ಹಿಡಿಯಲಿಲ್ಲ. “ಹೇಳ್ರಿ,” ಎಂದಳು.

ಹೇಳಿದರೆ ಅವರು ನಂಬುತ್ತಿರಲಿಲ್ಲ. ಮರುದಿನ ಮುಂಜಾನೆ ಮಾಮುವಿನ ಕೈ ಹಿಡಿದು, ನಮ್ಮ ಓಣಿಯ ಹಿಂದಿನ ಹಗೇವಿಗೆ ಕರೆದುಕೊಂಡು ಹೋದೆ. ಅದೂ ಅರ್ಧ ತೆಗೆದು ಬಿಟ್ಟದ್ದು, ಚಪ್ಪಡಿ ಸಡಿಲವಾಗಿತ್ತು. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಕಾಲಿಗೆ ತಾಕಿದ ಹಸಿ ಮಣ್ಣಿನಿಂದಲೇ ತಿಳಿದುಕೊಂಡು ಬಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಚಪ್ಪಡಿ ಸರಿಸಿ ಕೇಳುಕೋಲನ್ನು ಅವರ ಕೈಗೇ ಕೊಟ್ಟು ಬೀಬಿಯ ಬಲೆಗೆ ತಾಗಿಸಿದೆ. ಕಣ್ಣು ಹೋಗಿದ್ದರೂ ಎಳೆಯನ್ನು ಇಡುವ ನಾಜೂಕು ಹೋಗಿರಲಿಲ್ಲ.

“ಬೀಬಿ, ಉಸಿರು ಐತೇನವಾ?” ಎಂದರು. ಆಮೇಲೆ ಗಾಳಿಗೆ ಹೇಳುವ ಹಾಗೆ, “ಕುಣಿದಳೇನು?”

“ಕುಣ್ಯಾಕತ್ತಾಳ್ರಿ, ಮಾಮು.”

ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ, ಹಗ್ಗವನ್ನೂ ಅವರ ಕೈಗೆ ಕೊಟ್ಟೆ. ಏನೆಂದು ಮುಟ್ಟಿ ನೋಡಿದರು. ಗಾಜಿನ ಬಿಸಿ ತಾಕಿದಾಗ ಗುರುತು ಹಿಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಯಲಿಲ್ಲ, ಮೊಳ ಮೊಳವಾಗಿ ಹಗ್ಗ ಬಿಟ್ಟರು. ಕಂದೀಲು ಕುತ್ತಿಗೆಯಲ್ಲಿ ಬೀಬಿಯ ಪಕ್ಕದಿಂದ ಇಳಿಯಿತು. ಹೊಟ್ಟೆಯಲ್ಲಿ ಇಳಿಯಿತು. ಒಂದಾಳು ಕೆಳಗೆ ಕುಡಿ ಸಣ್ಣಗಾಯಿತು, ಇನ್ನೊಂದು ಮೊಳಕ್ಕೆ ಇಲ್ಲವಾಯಿತು. ಮೇಲೆ ಬೀಬಿ ಇನ್ನೂ ಕುಣಿಯುತ್ತಿದ್ದಳು.

“ದೀಪ ಐತೇನು?” ಎಂದು ಮಾಮು ಕೇಳಿದರು.

ಅವರಿಗೆ ಕಾಣುತ್ತಿರಲಿಲ್ಲ. ಐತ್ರಿ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇನ್ನು ಹತ್ತು ವರ್ಷ ನನ್ನ ಮೇಲೆ ಸಿಟ್ಟಿಟ್ಟುಕೊಂಡು ಬದುಕುತ್ತಿದ್ದರೇನೋ. ನನಗೆ ದುರಗವ್ವನ ತೊಡೆಯ ಮೇಲಿನ ಕೋಲು ನೆನಪಾಯಿತು.

“ಆರೇತ್ರಿ.”

“ಬೀಬಿ?”

“ಇನ್ನೂ ಕುಣ್ಯಾಕತ್ತಾಳ್ರಿ.”

ಹಗ್ಗ ಅವರ ಕೈಯಲ್ಲೇ ಇತ್ತು. ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಆಮೇಲೆ ಮಾಮು ನನ್ನ ಕಡೆ ಮುಖ ತಿರುಗಿಸಿದರು.

“ಹಂಗಾದ್ರ ನೀ ಕೇಳಿದ್ದಿ, ಖಾಜಾ.”

ಹನ್ನೊಂದು ವರ್ಷದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು. ನಾನು ಅವರ ಕಾಲು ಹಿಡಿದುಕೊಂಡು ಅತ್ತೆ. ಅವರು ಅಳಲಿಲ್ಲ.

ಅಂದು ಸಂಜೆ ನನ್ನನ್ನು ಕರೆದು ಒಂದೇ ತಾಟಿಗೆ ಕೂಡಿಸಿಕೊಂಡರು. ತುತ್ತು ಕೈಯಲ್ಲಿ ಹಿಡಿದರು, ಬಾಯಿಗೆ ಇಡಲಿಲ್ಲ. ಹುಸೇನಬಿ ಹೇಳಿದ್ದೇ ಸರಿ. ಅವರು ನನ್ನ ಮೇಲಿನ ಸಿಟ್ಟಿನಿಂದಲೇ ಬದುಕಿದ್ದರು. ಅದನ್ನು ನಾನು ತೆಗೆದುಬಿಟ್ಟೆ. ಆಮೇಲೆ ಅವರು ಇದ್ದದ್ದು ಒಂದೇ ತಿಂಗಳು. ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳಬೇಡಿ. ಮೊದಲೇ ಹೇಳಿದ್ದರೆ ಯಮನಪ್ಪ ಇರುತ್ತಿದ್ದ ಎಂಬುದು ಮಾತ್ರ ನನಗೆ ಗೊತ್ತು.

ಆ ಒಂದು ತಿಂಗಳಲ್ಲಿ ಅವರು ಒಂದೇ ಕೆಲಸ ಮಾಡಿದರು. ತಮ್ಮ ಕೈಯಲ್ಲಿ ಕಲಿತವರಿಗೆಲ್ಲ ಒಬ್ಬೊಬ್ಬರಿಗೆ ಹೇಳಿಕಳಿಸಿ ಕರೆಸಿದರು. ಬಾಗಲಕೋಟೆಯಿಂದ ಬಂದರು, ಬದಾಮಿಯಿಂದ ಬಂದರು, ಇಳಕಲ್ಲಿನಿಂದ ಬಂದರು. ರಾಮಥಾಳದಿಂದ ದುರಗವ್ವನೂ ಬಂದಳು. ಎದ್ದು ಕೂಡುವ ಶಕ್ತಿ ಇರಲಿಲ್ಲ. ಆದರೂ ಹುಸೇನಬಿ ಬೆನ್ನಿಗೆ ಆತು ಕೂಡಿಸಬೇಕು, ಬಂದವರು ಮುಂದೆ ಕೂಡಬೇಕು, ನಾನು ಕಂದೀಲು ತಂದು ಅವರ ಮಡಿಲಲ್ಲಿ ಇಡಬೇಕು. ಆಮೇಲೆ ಪ್ರತಿಯೊಬ್ಬರಿಗೂ ಅದೇ ಮೂರು ಮಾತು ಹೇಳುತ್ತಿದ್ದರು. ಕೆಲಸಕ್ಕೆ ಬರುವವರು ಇದರಲ್ಲಿ ಬೇರೇನನ್ನು ಮರೆತರೂ ಅದನ್ನು ಮರೆಯಬೇಡಿ.

“ಖಾಜಾ ಕೇಳಿದ್ದ. ಬೀಬಿ ಕುಣದಿದ್ದಳು. ನನ್ನ ಮಗ ಸತ್ತ.”